ಮೂರನೆಯ ಲೇಪ

ಲೆಗೊ ಇಟ್ಟಿಗೆ ಜೋಡಿಸಿ ಆಡದ ಮಕ್ಕಳೂ ಅದರ ಹೆಸರು ಕೇಳಿರುತ್ತಾರೆ. ಆ ಕಂಪನಿ ಬೆಳೆದದ್ದು ಮಾತ್ರ ಕೆಲಸವೇ ಇಲ್ಲದ ಕಾಲದಲ್ಲಿ!

1932. ಜಗತ್ತಿಗೆಲ್ಲ ಆರ್ಥಿಕ ಮುಗ್ಗಟ್ಟು. ಡೆನ್ಮಾರ್ಕಿನ ಬಿಲ್ಲುಂಡ್ ಹಳ್ಳಿಯ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ ಅವರಿಗೆ ಮನೆ ಕಟ್ಟುವ ಕೆಲಸ ಬರುವುದು ನಿಂತಿತು. ರೈತರ ಕೈಯಲ್ಲೇ ಕಾಸಿರಲಿಲ್ಲ. ಕೆಲಸಗಾರರನ್ನು ಕಳಿಸಬೇಕಾಯಿತು. ಅದೇ ವರ್ಷ ಪತ್ನಿಯೂ ತೀರಿಕೊಂಡರು. ಸಾಕಲು ನಾಲ್ವರು ಗಂಡುಮಕ್ಕಳು. ಬಾಗಿಲು ಮುಚ್ಚುವ ಬದಲು ಅವರು ಏಣಿ, ಇಸ್ತ್ರಿ ಮಣೆ, ಮರದ ಆಟಿಕೆಗಳನ್ನು ಮಾಡತೊಡಗಿದರು.

ಒಮ್ಮೆ ಮಗ ಗಾಟ್‌ಫ್ರೆಡ್ ಮರದ ಬಾತುಕೋಳಿಗಳಿಗೆ ಮೂರರ ಬದಲು ಎರಡೇ ಸಲ ವಾರ್ನಿಷ್ ಬಳಿದು, ಹಣ ಉಳಿಸಿದೆನೆಂದು ಹಿಗ್ಗಿದ. ತಂದೆ ಮೆಚ್ಚಲಿಲ್ಲ. ರೈಲು ನಿಲ್ದಾಣ ಸೇರಿದ್ದ ಪೆಟ್ಟಿಗೆಯನ್ನು ವಾಪಸು ತರಿಸಿ, ಅವನಿಂದಲೇ ಮೂರನೆಯ ಲೇಪ ಹಚ್ಚಿಸಿದರು.

1939ರ ಹೊತ್ತಿಗೆ ಕೆಲಸಗಾರರು 10 ಮಂದಿಯಾದರು. 1942ರಲ್ಲಿ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಅದನ್ನು ಮತ್ತೆ ಕಟ್ಟಿದರು. ಮರುವರ್ಷ, ಯುದ್ಧದ ನಡುವೆಯೂ, ಸುಮಾರು 40 ಮಂದಿಗೆ ಅಲ್ಲಿ ಕೆಲಸವಿತ್ತು. ಇಂದಿನ ಪ್ಲಾಸ್ಟಿಕ್ ಇಟ್ಟಿಗೆಗೆ ಪೇಟೆಂಟ್ ಕೋರಿ ಗಾಟ್‌ಫ್ರೆಡ್ ಅರ್ಜಿ ಹಾಕಿದ್ದು 1958ರಲ್ಲಿ.

ಕಷ್ಟಕಾಲದಲ್ಲಿ ಜನ ಕೊಳ್ಳುವುದೇ ಕಡಿಮೆ. ಕೊಂಡದ್ದು ಬಾಳಿಕೆ ಬರಬೇಕು. ಓದು ಮುಗಿಸಿ ಕೆಲಸ ಹುಡುಕುವವರಿಗೂ, ನಾಲ್ವರಿಗೆ ಕೆಲಸ ಕೊಡಬೇಕೆನ್ನುವವರಿಗೂ ಆ ಮೂರನೆಯ ಲೇಪ ನೆನಪಿರಲಿ.