ತುಟಿಯಂಚಿನ ಎರಡು ಮಿಲಿಮೀಟರ್

ತೋರುಬೆರಳಿನಷ್ಟು ಉದ್ದ, ಕಡುಕಪ್ಪು ಬಣ್ಣ, ಒಂದು ಬದಿ ಕೊಕ್ಕಿನ ಹಾಗೆ ಇಳಿಜಾರು, ಇನ್ನೊಂದು ಬದಿ ಚಪ್ಪಟೆ. ಸ್ಯಾಕ್ಸೋಫೋನಿನ ಮಿರಮಿರ ಹೊಳೆಯುವ ಹಿತ್ತಾಳೆ ಮೈಗೆ ಮರುಳಾದವರ ಕಣ್ಣಿಗೆ ಈ ತುಂಡು ಬೀಳುವುದೇ ಕಡಿಮೆ. ಅದೇ ಮೌತ್‌ಪೀಸ್. ವಾದ್ಯ ಬದಲಿಸದೆ ಇದೊಂದನ್ನೇ ಬದಲಿಸಿ ಊದಿದರೆ ಕಣ್ಣು ಮುಚ್ಚಿ ಕೇಳುವವರು ಬೇರೆ ವಾದ್ಯವೆಂದೇ ತಿಳಿದಾರು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಸನಾದಿ ಕೇಳಿ ಬೆಳೆದವರಿಗೆ ಇದರ ಕೆಲಸ ಬೇಗ ಅರ್ಥವಾಗುತ್ತದೆ. ಸನಾದಿಯಲ್ಲಿ, ನಾಗಸ್ವರದಲ್ಲಿ ಬಾಯಿಗಿಡುವುದು ಜೋಡಿ ಎಲೆ. ಉಸಿರು ನುಗ್ಗಿದಾಗ ಎರಡೂ ಎಲೆಗಳು ಒಂದಕ್ಕೊಂದು ಬಡಿದು ನಾದ ಹುಟ್ಟುತ್ತದೆ. ಸ್ಯಾಕ್ಸೋಫೋನಿಗೆ ಇರುವುದು ಒಂದೇ ಎಲೆ, ಅಂದರೆ ಒಂದೇ ರೀಡ್. ಬಿದಿರಿನಂತೆ ಕಾಣುವ ಒಂದು ಜಾತಿಯ ಹುಲ್ಲಿನ ದಂಟನ್ನು ಸೀಳಿ, ತುದಿಯನ್ನು ಕಾಗದದಷ್ಟು ತೆಳ್ಳಗೆ ಹೆರೆದು ಅದನ್ನು ಮಾಡುತ್ತಾರೆ. ಅಲುಗಾಡದ ಎರಡನೇ ಎಲೆಯ ಜಾಗದಲ್ಲಿ ನಿಲ್ಲುವುದು ಮೌತ್‌ಪೀಸ್. ರೀಡಿನ ತುದಿಗೂ ಅದರ ತುದಿಗೂ ನಡುವೆ ಒಂದು ಸಣ್ಣ ಸಂದು. ಮೌತ್‌ಪೀಸ್ ಆರಿಸುವವರು ಮೊದಲು ವಿಚಾರಿಸುವುದು ಈ ಸಂದಿನ ಅಳತೆಯನ್ನೇ.

ಎರಡು ಎಟಿಎಂ ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟರೆ ಸುಮಾರು 1.5 ಮಿ.ಮೀ. ದಪ್ಪ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಬಳಸುವ, ಆಲ್ಟೊ ಎಂಬ ಬಗೆಯ ಸ್ಯಾಕ್ಸೋಫೋನಿನ ಮೌತ್‌ಪೀಸುಗಳ ಸಂದು ಹೆಚ್ಚು ಕಡಿಮೆ ಅಲ್ಲಿಂದ ಶುರು. ವಿದ್ಯಾರ್ಥಿಗಳ ಕೈಯಲ್ಲಿ ತುಂಬ ಕಾಣುವ ಸೆಲ್ಮರ್ ಎಸ್80 ಸಿ ಸ್ಟಾರ್‌ನದು 1.70 ಮಿ.ಮೀ. ಜಾಝ್ ಆಲ್ಟೊ ವಾದಕರು ದಶಕಗಳಿಂದ ನಂಬಿದ ಮೇಯರ್ 5ರದು ಸುಮಾರು 1.80. ಕಾಗದದ ಮೇಲೆ ಕೂದಲೆಳೆಯಷ್ಟು ಅಂತರ, ಕಿವಿಗೆ ಮಾತ್ರ ಗಾವುದ ದೂರ. ಸಂದು ಒಂದರಿಂದಲೇ ಅಷ್ಟು ದೂರ ಹುಟ್ಟುವುದಿಲ್ಲ, ಒಳಗಿನ ಹೊಟ್ಟೆಯ ಆಕಾರವೂ ಬೇರೆ. ಆ ಆಕಾರ ಬೇರೆಯಾದ ಕಥೆಗೆ ನೂರೆಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಬೆಲ್ಜಿಯಮ್ಮಿನ ದಿನಾಂ ಪಟ್ಟಣದಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್, 1846ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ವಾದ್ಯಕ್ಕೆ ಪೇಟೆಂಟ್ ಪಡೆದ. ಅವನ ಮೌತ್‌ಪೀಸಿನ ಒಳಭಾಗ ಅಗಲ, ದುಂಡು. ಗಡಿಗೆಯೊಳಗೆ ಮಾತಾಡಿದಂತೆ ಸ್ವರ ಗುಂಡಗೆ, ಮೆತ್ತಗೆ ಹೊರಬರುತ್ತಿತ್ತು. ಸೇನೆಯ ಬ್ಯಾಂಡಿಗೆ, ಸಭಾಂಗಣಕ್ಕೆ ಅದು ಸಾಕಾಗಿತ್ತು.

ಅಮೆರಿಕದ ಡಾನ್ಸ್ ಹಾಲ್‌ಗಳಿಗೆ ಅದು ಸಾಲಲಿಲ್ಲ. 1930ರ ದಶಕದಲ್ಲಿ ಬಿಗ್ ಬ್ಯಾಂಡುಗಳ ಕಾಲ ಬಂತು. ಟ್ರಂಪೆಟ್ಟು, ಟ್ರಾಂಬೋನು, ಡ್ರಮ್ಮಿನ ಅಬ್ಬರದ ನಡುವೆ ಸ್ಯಾಕ್ಸೋಫೋನ್ ಕೇಳಿಸಬೇಕಿತ್ತು. ತಯಾರಕರು ಮೌತ್‌ಪೀಸಿನ ಒಳಮಾಳಿಗೆಯನ್ನು, ಅಂದರೆ ಬ್ಯಾಫಲ್ ಎನ್ನುವ ಭಾಗವನ್ನು, ರೀಡಿನ ಹತ್ತಿರಕ್ಕೆ ತಂದರು. ಹೊಟ್ಟೆಯನ್ನು ಕಿರಿದು ಮಾಡಿದರು, ತುದಿಯ ಸಂದನ್ನು ಹಿಗ್ಗಿಸಿದರು. ಸ್ವರಕ್ಕೆ ಮೊನೆ ಬಂತು. ಜಾಝ್ ವಾದಕ ಚಾರ್ಲಿ ಪಾರ್ಕರ್ ತುಟಿಗೆ ಬ್ರಿಲ್‌ಹಾರ್ಟ್ ಕಂಪನಿಯ ಮೌತ್‌ಪೀಸ್ ಬಂತು, ಜಾನ್ ಕೋಲ್ಟ್ರೇನ್‌ನ ಟೆನರ್ ಸ್ಯಾಕ್ಸೋಫೋನಿಗೆ ಆಟೊ ಲಿಂಕ್‌ನ ಲೋಹದ್ದು. ಎಬೊನೈಟ್ ಎಂಬ ಗಟ್ಟಿ ರಬ್ಬರಿನದು ಸೌಮ್ಯ, ಲೋಹದ್ದು ಕರ್ಕಶ ಎಂಬ ನಂಬಿಕೆ ಇವತ್ತಿಗೂ ಬಲವಾಗಿದೆ. ಆದರೆ ಸ್ವರವನ್ನು ಬಹುಪಾಲು ತೀರ್ಮಾನಿಸುವುದು ಒಳಗಿನ ಆಕಾರ. ಮಾಡಿದ ವಸ್ತುವಿನ ಪಾಲು ತೀರ ಚಿಕ್ಕದು.

ಇತ್ತ ಶಾಸ್ತ್ರೀಯ ವಾದಕರಲ್ಲೇ ಎರಡು ಮನೆತನಗಳಾದವು. ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಸ್ಯಾಕ್ಸ್ ಪಾಠ ಹೇಳುವುದು 1870ರಲ್ಲಿ ನಿಂತಮೇಲೆ, ಮತ್ತೆ ಸ್ಯಾಕ್ಸೋಫೋನ್ ತರಗತಿ ಶುರುವಾದದ್ದು 1942ರಲ್ಲಿ, ಮಾರ್ಸೆಲ್ ಮ್ಯೂಲ್ ಅವರಿಂದ. ಅವರ ಫ್ರೆಂಚ್ ಶಾಲೆ ನಿಖರವಾದ, ತೆಳುವಾದ, ಕಂಪಿಸುವ ಸ್ವರದ ಕಡೆ ವಾಲಿತು. ಇನ್ನೊಂದು ಕಡೆ ಜರ್ಮನಿಯ ಸಿಗುರ್ಡ್ ರಾಷರ್. ರಷ್ಯದ ಸಂಯೋಜಕ ಗ್ಲಾಜುನೋವ್ 1934ರಲ್ಲಿ ತನ್ನ ಸ್ಯಾಕ್ಸೋಫೋನ್ ಕನ್ಸರ್ಟೊ ಬರೆದದ್ದು ಇವರಿಗಾಗಿ. ಸ್ಯಾಕ್ಸ್ ಕಲ್ಪಿಸಿದ ಆ ಅಗಲ ಹೊಟ್ಟೆಯ ಮೌತ್‌ಪೀಸೇ ನಿಜವಾದದ್ದು ಎಂದು ರಾಷರ್ ಕೊನೆವರೆಗೂ ಪಟ್ಟು ಬಿಡಲಿಲ್ಲ. ಇಬ್ಬರೂ ತೀರಿಕೊಂಡದ್ದು 2001ರಲ್ಲಿ.

ರಾಷರ್ ಹಟದ ಹಿಂದೆ ಭೌತಶಾಸ್ತ್ರದ ಆಧಾರವೂ ಇದೆ. ಸ್ಯಾಕ್ಸೋಫೋನ್ ಒಂದು ಶಂಕು, ತುದಿ ಕತ್ತರಿಸಿದ ಶಂಕು. ಕತ್ತರಿಸಿ ಹೋದ ತುದಿಯಲ್ಲಿ ಎಷ್ಟು ಜಾಗವಿತ್ತೋ ಅಷ್ಟನ್ನು ಮೌತ್‌ಪೀಸಿನ ಹೊಟ್ಟೆ ತುಂಬಿಕೊಡಬೇಕು. ಹೊಟ್ಟೆ ಹೊಂದದಿದ್ದರೆ ಮಂದ್ರದ ಷಡ್ಜ ಸರಿಯಿದ್ದರೂ ಮೇಲಿನ ಸ್ಥಾಯಿ ಶ್ರುತಿ ಬಿಟ್ಟು ಓಡುತ್ತದೆ. ವಾದ್ಯದ ಕೊರಳಿಗೆ ಸುತ್ತಿದ ಕಾರ್ಕಿನ ಮೇಲೆ ಮೌತ್‌ಪೀಸನ್ನು ಹಿಂದೆ ಮುಂದೆ ಸರಿಸಿ ಶ್ರುತಿ ಕೂಡಿಸುವಾಗ ವಾದಕ ಮಾಡುವುದು ಈ ಜಾಗದ ಲೆಕ್ಕವನ್ನೇ.

ಶ್ರುತಿಯ ಮಾತು ಬಂದಮೇಲೆ ಕನ್ನಡನಾಡಿಗೆ ಬರಲೇಬೇಕು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥರು ನಾಗಸ್ವರ ವಿದ್ವಾನ್ ತನಿಯಪ್ಪನವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡ ಹುಡುಗ ಅದರ ಬೆನ್ನು ಹತ್ತಿದ. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮುಂದೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಗೋಪಾಲನಾಥರಿಗೆ ಗುರುಗಳಾದರು. ಊರು ಬಲ್ಲ ಹೆಸರು ಕದ್ರಿ ಗೋಪಾಲನಾಥ್.

ಅವರ ಮುಂದಿದ್ದ ತೊಡಕು ಮ್ಯೂಲ್‌ಗೂ ಇರಲಿಲ್ಲ, ಪಾರ್ಕರ್‌ಗೂ ಇರಲಿಲ್ಲ. ನಾಗಸ್ವರದ ರಂಧ್ರದ ಮೇಲೆ ಬೆರಳು ಜಾರಿಸಬಹುದು, ಅರ್ಧ ಮುಚ್ಚಬಹುದು. ಸ್ಯಾಕ್ಸೋಫೋನಿನ ರಂಧ್ರಕ್ಕೂ ಬೆರಳಿಗೂ ನಡುವೆ ಕೀಲಿ ಕೂತಿದೆ. ಹಾಗಾದರೆ ತೋಡಿಯ ಗಾಂಧಾರವನ್ನು ತೂಗುವುದು ಹೇಗೆ? ಕೀಲಿಗಳ ಮೇಲಿನ ಬೆರಳಿನ ಹದದ ಜೊತೆಗೆ ತುಟಿ, ದವಡೆ, ಗಂಟಲು, ಉಸಿರು ಎಲ್ಲವೂ ಆ ಕೆಲಸಕ್ಕೆ ಇಳಿಯಬೇಕು. ತುಟಿಯ ಬಿಗಿ ಒಂದು ಎಳೆ ಸಡಿಲವಾದರೆ ಸ್ವರ ಕೆಳಗಿಳಿಯುತ್ತದೆ, ಬಿಗಿಯಾದರೆ ಏರುತ್ತದೆ. ಗಮಕ ಹುಟ್ಟುವುದು ಮೌತ್‌ಪೀಸಿನ ಆ ಸಂದಿನಲ್ಲಿ.

ಕರ್ನಾಟಕ ಸಂಗೀತಕ್ಕೆ ಸ್ಯಾಕ್ಸೋಫೋನ್ ಎತ್ತಿಕೊಂಡವರ ಆಯ್ಕೆ ಕಷ್ಟವಾಗುವುದು ಇಲ್ಲಿಯೇ. ತುಂಬ ಕಿರಿದಾದ ಸಂದು, ಗಟ್ಟಿ ರೀಡ್ ಹಿಡಿದರೆ ಸ್ವರ ಬಗ್ಗಲು ಒಪ್ಪದು. ಪಾಶ್ಚಾತ್ಯ ಶಾಸ್ತ್ರೀಯ ವಾದಕರು ಬಯಸುವುದು ಆ ಸ್ಥಿರತೆಯನ್ನೇ. ಜಾಝಿನ ಅಗಲ ಸಂದು, ಎತ್ತರದ ಬ್ಯಾಫಲ್ ಹಿಡಿದರೆ ಸ್ವರ ಬೇಕಾದಷ್ಟು ಬಾಗುತ್ತದೆ, ಆದರೆ ತಂಬೂರಿಯ ಮುಂದೆ ಷಡ್ಜ ನಿಲ್ಲಿಸುವುದು ಪ್ರಯಾಸ, ಪಕ್ಕದ ಪಿಟೀಲನ್ನು ನುಂಗಿಬಿಡುವ ಭಯ ಬೇರೆ. ಕಛೇರಿಗೆ ಬೇಕಾದದ್ದು ಇವೆರಡರ ನಡುವಿನ ದಾರಿ: ನಡುತರದ ಸಂದು, ನಡುತರದ ಹೊಟ್ಟೆ, ತುಟಿಯ ಮಾತು ಕೇಳುವಷ್ಟು ಮೆತ್ತಗಿನ ರೀಡ್.

1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವ. ಕ್ಯಾಲಿಫೋರ್ನಿಯಾದ ಆಲ್ಟೊ ವಾದಕ ಜಾನ್ ಹ್ಯಾಂಡಿ ಗೋಪಾಲನಾಥರ ವಾದನ ಕೇಳಿ ತಾನೂ ವೇದಿಕೆಗೆ ಬರಬಹುದೇ ಎಂದು ಕೇಳಿಕೊಂಡರು. ಜಾಝಿನ ಬಾಯಿ, ಕರ್ನಾಟಕ ಸಂಗೀತದ ಬಾಯಿ ಒಂದೇ ವೇದಿಕೆಯಲ್ಲಿ ನಿಂತವು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮೆನೇಡ್ ಕಛೇರಿ. ಅಲ್ಲಿಗೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಅವರು. ಅದೇ ವರ್ಷ ‘ಡ್ಯುಯೆಟ್’ ಚಿತ್ರದಲ್ಲಿ ಎ.ಆರ್. ರೆಹಮಾನ್ ಅವರ ಸಂಗೀತಕ್ಕೆ ಊದಿದರು. 2004ರಲ್ಲಿ ಪದ್ಮಶ್ರೀ ಬಂತು.

ಕಡಲಾಚೆಯ ಕರ್ನಾಟಕ ಮೂಲದ ಮನೆಯೊಂದಕ್ಕೂ ಆ ನಾದ ತಲುಪಿತು. ಇಟಲಿಯಲ್ಲಿ 1971ರಲ್ಲಿ ಹುಟ್ಟಿ ಅಮೆರಿಕದ ಕೊಲರಾಡೊದಲ್ಲಿ ಬೆಳೆದ ರುದ್ರೇಶ ಮಹಾಂತಪ್ಪ ಜಾಝ್ ಆಲ್ಟೊ ಕಲಿಯುತ್ತಿದ್ದಾಗ, ಅಣ್ಣ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೈಗಿಟ್ಟರು. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ಎಂಬ ಆಲ್ಬಂ ಹೊರತಂದರು. ಅದರಲ್ಲಿ ಎರಡೂ ಆಲ್ಟೊಗಳನ್ನು ಬೇರೆ ಮಾಡಿ ಕೇಳಲು ಯತ್ನಿಸುವುದು ಕಿವಿಗೆ ಒಳ್ಳೆಯ ಪಾಠ. ವಾದ್ಯದ ಜಾತಿ ಒಂದೇ, ಸ್ವರವನ್ನು ಹಿಡಿಯುವ, ಬಾಗಿಸುವ, ಬಿಡುವ ರೀತಿಯೇ ಬೇರೆ. ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಕರಾವಳಿಯ ದೇವಸ್ಥಾನ, ಮದುವೆಮನೆಗಳಲ್ಲಿ ಇಂದು ಸ್ಯಾಕ್ಸೋಫೋನ್ ಮಂಗಳವಾದ್ಯವೇ ಆಗಿದೆ. ಅಲ್ಲಿನ ಹುಡುಗನಿಗೆ ಹತ್ತು ಮೌತ್‌ಪೀಸ್ ಊದಿ ನೋಡಿದ ಹಿರಿಯರು ಹತ್ತಿರದಲ್ಲೇ ಸಿಗುತ್ತಾರೆ. ಸಿಂಧನೂರಿನಂಥ ಕಡೆ ಕೂತು ಮೊಬೈಲಿನಲ್ಲಿ ಆರ್ಡರ್ ಮಾಡುವವರಿಗೆ ಆ ಅನುಕೂಲವಿಲ್ಲ. ಅಂಥವರು ದೊಡ್ಡ ವಾದಕರ ಬ್ರ್ಯಾಂಡ್ ಹೆಸರಿನ ಹಿಂದೆ ಹೋಗಬಾರದು. ಪಳಗಿದ ಜಾಝ್ ವಾದಕರು ಊದುವ ಅಗಲದ ಸಂದು ಹೊಸಬರ ಉಸಿರನ್ನು ವಾರದಲ್ಲಿ ಬಸವಳಿಸುತ್ತದೆ. ಆಲ್ಟೊ ಕಲಿಯುವವರಿಗೆ 1.7ರಿಂದ 1.8 ಮಿ.ಮೀ. ಸಂದಿನ ಎಬೊನೈಟ್ ಮೌತ್‌ಪೀಸ್, ಗಡಸುತನದಲ್ಲಿ ಎರಡೂವರೆ ನಂಬರಿನ ರೀಡ್ ಸಾಕು. ಹಳೆಯ ವಾದ್ಯ ಬದಲಿಸುವ ಯೋಚನೆ ಇದ್ದರೆ ಮೊದಲು ಮೌತ್‌ಪೀಸ್ ಬದಲಿಸಿ ನೋಡುವುದು ಜೇಬಿಗೂ ಹಿತ.

ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಕೊಳ್ಳುವುದಾದರೆ ಎರಡು ಮೂರನ್ನು ಎದುರಿಟ್ಟುಕೊಂಡು, ನಿಮ್ಮದೇ ವಾದ್ಯ, ನಿಮ್ಮದೇ ರೀಡಿನಲ್ಲಿ ಊದಿ ನೋಡಿ. ಜೋರಾಗಿ ಊದಿದಾಗ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತವೆ, ಹಾಗಾಗಿ ಮೊದಲು ಪಿಸುಮಾತಿನಷ್ಟು ಮೆಲ್ಲಗೆ ಊದಿ. ಮಧ್ಯ ಷಡ್ಜ ಹಿಡಿದು, ಉಸಿರು ಬದಲಿಸದೆ ತಾರ ಷಡ್ಜಕ್ಕೆ ಹೋಗಿ, ಮತ್ತೆ ಇಳಿಯಿರಿ. ಎರಡೂ ಶ್ರುತಿಗೆ ಕೂತ ತುಂಡನ್ನೇ ಮನೆಗೆ ತನ್ನಿ. ತಂದಮೇಲೆ ಬಿಸಿನೀರಿನಲ್ಲಿ ಮಾತ್ರ ತೊಳೆಯಬೇಡಿ, ಎಬೊನೈಟ್ ಬಣ್ಣಗೆಟ್ಟು ಗಂಧಕದ ವಾಸನೆ ಬರುತ್ತದೆ. ಅಂಗಡಿಗೆ ಹೊರಡುವಾಗ ಚೀಲದಲ್ಲೊಂದು ಶ್ರುತಿಪೆಟ್ಟಿಗೆ ಇರಲಿ.