ಮೈಸೂರು ಜಿಲ್ಲೆಯ ಮೇರೆಯೂ ಜನಸಂಖ್ಯೆಯೂ

ನಮ್ಮ ಜಿಲ್ಲೆಯ ಜನಸಂಖ್ಯೆ ಎಷ್ಟೆಂದು ಯಾವ ಕಚೇರಿಯಲ್ಲಿ ವಿಚಾರಿಸಿದರೂ 30,01,127 ಎಂಬ ಉತ್ತರ ಬರುತ್ತದೆ. ಕೊನೆಯ ಏಳು ಮಂದಿಯನ್ನೂ ಬಿಡದೆ ಹೇಳುವ ಈ ಅಂಕಿಯ ಖಚಿತತೆಗೆ ವಾಚಕರು ಮರುಳಾಗಬಾರದು. ಅದು 2011ನೆಯ ಇಸವಿಯದು. ಆ ವರ್ಷ ತೊಟ್ಟಿಲಲ್ಲಿದ್ದ ಕೂಸು ಹೈಸ್ಕೂಲಿನ ಮೆಟ್ಟಲನ್ನು ಹತ್ತಿಯಾಯಿತು. 2021ರಲ್ಲಿ ನಡೆಯತಕ್ಕದ್ದಾಗಿದ್ದ ಖಾನೇಷುಮಾರಿಯು ಕೋವಿಡ್ ಸಾಂಕ್ರಾಮಿಕದ ದೆಸೆಯಿಂದ ನಿಂತಿತು. ಸಾಂಕ್ರಾಮಿಕವು ಇಳಿದ ಮೇಲೂ ವರ್ಷದಿಂದ ವರ್ಷಕ್ಕೆ ಮುಂದೆ ಸರಿಯಿತು. ಕಡೆಗೆ 2025ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರದವರು 2027ನೆಯ ಮಾರ್ಚ್ 1ನ್ನು ಎಣಿಕೆಯ ದಿನವಾಗಿ ಪ್ರಕಟಿಸಿದರು. 1871ರಿಂದ ಬರದಲ್ಲಾಗಲಿ ಮಹಾಯುದ್ಧದಲ್ಲಾಗಲಿ ತಪ್ಪದೆ ನಡೆದುಬಂದ ಕಾರ್ಯವು ನಮ್ಮ ಕಾಲದಲ್ಲಿ ಆರು ವರ್ಷ ಹಿಂದೆ ಬಿದ್ದುದು ಸಣ್ಣ ವಿಷಯವಲ್ಲ.

ಎಣಿಕೆಯಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರುಂಟು. ತುಂಬುತ್ತದೆ ಎಂದೇ ನಾವು ಉತ್ತರ ಹೇಳಬೇಕಾಗಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಶಾಸನದಂತೆ ಪಡಿತರದ ಧಾನ್ಯಕ್ಕೆ ಅರ್ಹರಾದವರು ಇಷ್ಟು ಮಂದಿ ಎಂದು ಪ್ರತಿಯೊಂದು ರಾಜ್ಯಕ್ಕೂ ಮಿತಿಯನ್ನು ಗೊತ್ತುಮಾಡಿದ್ದು 2011ರ ಲೆಕ್ಕದ ಆಧಾರದ ಮೇಲೆ. ಅನಂತರ ಹುಟ್ಟಿದವರ ಹಸಿವೆಗೆ ಆ ಲೆಕ್ಕದಲ್ಲಿ ಅಂಕಣವಿಲ್ಲ.

ಎಣಿಸಬೇಕಾದ ನೆಲವನ್ನು ಒಮ್ಮೆ ನೋಡೋಣ. ಆರು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಈ ಜಿಲ್ಲೆಯು ಬಯಲುಸೀಮೆಗೂ ಮಲೆನಾಡಿಗೂ ನಡುವೆ ಹಾಸಿದ ಚಾಪೆಯಂತಿದೆ. ಪಶ್ಚಿಮದಲ್ಲಿ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಕಡೆ ಕೊಡಗು, ವಯನಾಡುಗಳ ಕಾಡು ಒಳಚಾಚಿಕೊಂಡಿದೆ; ಪೂರ್ವಕ್ಕೆ ಬಂದಂತೆಲ್ಲ ಮಳೆ ಕಡಮೆ, ಕಾಲುವೆಯ ಆಸರೆ ಹೆಚ್ಚು. ಕೃಷ್ಣರಾಜನಗರದ ಸೀಮೆಗೆ ಭತ್ತದ ಕಣಜವೆಂಬ ಹೆಸರು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು. ನಂಜನಗೂಡಿನ ರಸಬಾಳೆಯ ಕೀರ್ತಿಯನ್ನು ಹೇಳಬೇಕಾದುದಿಲ್ಲ, ಈಗ ಅದರ ತೋಟವನ್ನೇ ಹುಡುಕಬೇಕಾಗಿದೆ. ಮೈಸೂರು, ತಿರುಮಕೂಡಲು ನರಸೀಪುರ ಇವೂ ಸೇರಿ ಏಳು ತಾಲ್ಲೂಕುಗಳಿದ್ದುವು. ಈಚೆಗೆ ಸರಗೂರು, ಸಾಲಿಗ್ರಾಮಗಳು ಸೇರಿ ಒಂಬತ್ತಾದುವು.

ನದಿಗಳಿಗೆ ಮಾತ್ರ ಈ ಮೇರೆಗಳ ಗೊಡವೆಯಿಲ್ಲ. ಕಾವೇರಿಯು ಕೊಡಗಿನಿಂದ ಪಿರಿಯಾಪಟ್ಟಣದ ಅಂಚಿಗೆ ಬಂದು, ಚುಂಚನಕಟ್ಟೆಯಲ್ಲಿ ಧುಮುಕಿ, ಕನ್ನಂಬಾಡಿಯ ಕಟ್ಟೆಯ ಹಿಂದೆ ನಿಂತು, ಶ್ರೀರಂಗಪಟ್ಟಣವನ್ನು ಬಳಸಿಕೊಂಡು ಮಂಡ್ಯ ಜಿಲ್ಲೆಗೆ ಹೋಗಿ, ಏನೋ ಮರೆತವಳಂತೆ ಮರಳಿ ನಮ್ಮಲ್ಲಿಗೆ ಬಂದು ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಮಾಧವಮಂತ್ರಿಯ ಕಟ್ಟೆ, ತಲಕಾಡಿನ ಮರಳು.

ಆ ಮರಳಿನ ಕೆಳಗೆ ಗಂಗರ ರಾಜಧಾನಿಯಿದ್ದಿತು. ಹನ್ನೊಂದನೆಯ ಶತಮಾನದ ಮೊದಲಲ್ಲಿ ಚೋಳರು ಅದನ್ನು ಹಿಡಿದರು. 1116ರ ಸುಮಾರಿನಲ್ಲಿ ವಿಷ್ಣುವರ್ಧನನು ಬಿಡಿಸಿಕೊಂಡು ತಲಕಾಡುಗೊಂಡನೆನಿಸಿದನು. ಹೊಯ್ಸಳರ ದಂಡನಾಯಕ ಸೋಮನಾಥನು 1258ರಲ್ಲಿ ಪ್ರತಿಷ್ಠೆ ಮಾಡಿಸಿದ ಸೋಮನಾಥಪುರದ ದೇವಾಲಯವು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ರೈಸ್ ಸಾಹೇಬರು ಶಾಸನ ಸಂಪುಟಗಳಲ್ಲಿ ಎರಡನ್ನು, 1894ರದನ್ನೂ 1898ರದನ್ನೂ, ಈ ಜಿಲ್ಲೆಗೇ ಮೀಸಲಿಟ್ಟರೆಂದರೆ ಇಲ್ಲಿನ ಕಲ್ಲುಗಳು ಎಷ್ಟು ಮಾತನಾಡುತ್ತವೆಂಬುದು ತಿಳಿದೀತು.

ವಿಚಿತ್ರವೇನೆಂದರೆ, ಯಾವ ಊರಿನಿಂದ ಒಡೆಯರ ರಾಜ್ಯವು ಬೆಳೆಯಿತೋ ಆ ಊರೇ ಈ ಜಿಲ್ಲೆಯಲ್ಲಿಲ್ಲ. 1610ರಲ್ಲಿ ರಾಜ ಒಡೆಯರು ಗೆದ್ದುಕೊಂಡ ಶ್ರೀರಂಗಪಟ್ಟಣವು 1799ರವರೆಗೆ ರಾಜಧಾನಿಯಾಗಿತ್ತು. ಮೈಸೂರು ಜಿಲ್ಲೆಯೆಂಬ ಈಗಿನ ಬಗೆಯ ವಿಭಾಗವಾದರೋ ಕಮಿಷನರ ಆಳಿಕೆಯ ಕಾಲದ್ದು. ಆಗ ಅದು ಹಾಸನದೊಡನೆ ಅಷ್ಟಗ್ರಾಮ ಡಿವಿಜನ್ನಿಗೆ ಸೇರಿತ್ತು. 1939ನೆಯ ಜುಲೈ 1ರಂದು ಮಂಡ್ಯ ಜಿಲ್ಲೆಯಾದಾಗ ಶ್ರೀರಂಗಪಟ್ಟಣವೂ ಮೇಲುಕೋಟೆಯೂ ಅತ್ತ ಹೋದುವು. 1956ರ ಪುನರ್ವಿಂಗಡಣೆಯಲ್ಲಿ ಮದರಾಸಿನ ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲವು ಇತ್ತ ಬಂದಿತು. 1997ರಲ್ಲಿ ಅದೂ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರುಗಳೊಡನೆ ಬೇರೆ ಜಿಲ್ಲೆಗೆ ಹೋಯಿತು.

ಆದಕಾರಣ ಮೈಸೂರು ಜಿಲ್ಲೆಯ ಜನಸಂಖ್ಯೆಯನ್ನು ಓದುವಾಗ ಮೇರೆಯನ್ನು ಕೇಳದೆ ಅಂಕಿಯನ್ನು ನಂಬಕೂಡದು. 1991ರಲ್ಲಿ ಇಲ್ಲಿ 31 ಲಕ್ಷಕ್ಕೂ ಮಿಕ್ಕ ಜನ, 2001ರಲ್ಲಿ 26,41,027. ಹತ್ತು ವರ್ಷದಲ್ಲಿ ಐದು ಲಕ್ಷ ಜನ ಏನಾದರು? ಏನೂ ಆಗಲಿಲ್ಲ. ಅವರವರ ಮನೆಗಳಲ್ಲಿಯೇ ಇದ್ದರು. ಭೂಪಟದ ಮೇಲಿನ ಗೆರೆ ಮಾತ್ರ ಸರಿದಿತ್ತು.

ಆದರೆ ಅಂಕಿ ಇಳಿದದ್ದು ಯಾವಾಗಲೂ ಗೆರೆಯ ಆಟವಲ್ಲ. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕ್ರಮವಾದ ಮೊದಲ ಖಾನೇಷುಮಾರಿ ನಡೆದಾಗ ಪ್ರಜೆಗಳು 50 ಲಕ್ಷಕ್ಕೆ ಮೇಲಿದ್ದರು. ಬಳಿಕ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವು ಬಂದಿತು. 1881ನೆಯ ಫೆಬ್ರವರಿ 17ರಂದು ಮತ್ತೆ ಎಣಿಸಿದಾಗ ಸಿಕ್ಕವರು ಸುಮಾರು 42 ಲಕ್ಷ. ಇಲ್ಲಿ ಗೆರೆಯನ್ನು ಸರಿಸಿದವರು ಯಾರೂ ಇರಲಿಲ್ಲ. ಅದರ ಮರುತಿಂಗಳು, ಮಾರ್ಚ್ 25ರಂದು, ಚಾಮರಾಜ ಒಡೆಯರಿಗೆ ರಾಜ್ಯವು ಹಿಂತಿರುಗಿತು. ಇಪ್ಪತ್ತರ ಗಡಿಯಲ್ಲಿದ್ದ ಅರಸನ ಕೈಗೆ ಬಂದದ್ದು ಎಂಟು ಲಕ್ಷಕ್ಕೂ ಹೆಚ್ಚು ತಲೆ ಕಡಮೆಯಾದ ನಾಡು. ಪರರ ಆಳಿಕೆಯವರು ಕ್ಷಾಮದ ವರದಿಗಳಲ್ಲಿ ಏನೇ ಬರೆದಿರಲಿ, ಅವರದೇ ಎಣಿಕೆಯ ಪುಸ್ತಕಗಳೆರಡನ್ನು ಪಕ್ಕದಲ್ಲಿಟ್ಟರೆ ಸಾಕ್ಷ್ಯ ಸಿಗುತ್ತದೆ. ಆ ಎರಡು ಪುಸ್ತಕಗಳಲ್ಲಿ ಒಂದು ಬರೆಯದೆ ಹೋಗಿದ್ದರೆ?

ನಗರದ ಮಾತು. 1898ರ ಪ್ಲೇಗಿನ ತರುವಾಯ 1903ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ಮಂಡಲಿಯಿಂದ ಬೆಳೆಯಲಾರಂಭಿಸಿದ ಈ ಪಟ್ಟಣದಲ್ಲಿ 2011ರಲ್ಲಿ ಸುಮಾರು 9 ಲಕ್ಷ ಜನರಿದ್ದರು. ಅನಂತರ ಹೂಟಗಳ್ಳಿಯು ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳು ಪಟ್ಟಣ ಪಂಚಾಯತಿಗಳಾದುವು. ಹೊಲಗಳಿದ್ದಲ್ಲಿ ಬಡಾವಣೆಗಳೆದ್ದಿವೆ. ಹಳೆಯ ಅಂಕಿಯನ್ನು ಹಿಡಿದು ನೀರಿನ ಕೊಳವೆಯ ಅಳತೆ ಮಾಡಿದರೆ ಬೇಸಗೆಯಲ್ಲಿ ಟ್ಯಾಂಕರಿನ ಮುಂದೆ ಬಿಂದಿಗೆಗಳ ಸಾಲು ನಿಲ್ಲದೆ ಇನ್ನೇನಾದೀತು?

ನಾವು 1981ರ ಎಣಿಕೆಯನ್ನು ಬಾಲಕರಾಗಿ ಕಂಡವರು. ನಮ್ಮ ಪಾಠಶಾಲೆಯ ಮೇಷ್ಟರೇ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಜಗುಲಿಗೆ ಬಂದು ಕುಳಿತರು. ಮಕ್ಕಳ ತಲೆ ಎಣಿಸಿದರೆ ದೃಷ್ಟಿ ತಾಕೀತೆಂದು ನಮ್ಮ ಅಜ್ಜಿ ನಾಲ್ವರೆಂದಳು. ಮೇಷ್ಟರು, “ಐದನೆಯವನು ನಿನ್ನೆ ನನ್ನ ಕೈಯಲ್ಲಿ ಏಟು ತಿಂದಿದ್ದಾನಲ್ಲಮ್ಮಾ” ಎಂದು ನಕ್ಕು ಐದೆಂದು ಬರೆದುಕೊಂಡರು. ಊರನ್ನು ಬಲ್ಲವನು ಎಣಿಸಿದರೆ ಲೆಕ್ಕ ತಪ್ಪದು. ಈ ಸಲ ಪುಸ್ತಕದ ಬದಲು ಮೊಬೈಲ್ ಫೋನಿನಲ್ಲಿ ಬರೆದುಕೊಳ್ಳುವ ಏರ್ಪಾಡು. ಆಗಲಿ, ಆದರೆ ಫೋನಿಗೆ ಊರು ಗೊತ್ತಿರುವುದಿಲ್ಲ.

ನಮ್ಮ ಮುಖ್ಯವಾದ ಆತಂಕವು ಕಾಡಂಚಿನ ಹಾಡಿಗಳದು. ಹೆಗ್ಗಡದೇವನಕೋಟೆ, ಹುಣಸೂರುಗಳಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ಯರವರೂ ಇದ್ದಾರೆ. 1974ರಲ್ಲಿ ಮುಗಿದ ಕಬಿನಿಯ ಜಲಾಶಯವು ಹಲವು ಹಳ್ಳಿಗಳನ್ನು ನುಂಗಿತು. ನಾಗರಹೊಳೆಯ ಕಾಡಿನೊಳಗಿದ್ದ ಎಷ್ಟೋ ಕುಟುಂಬಗಳಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ನೆಲೆ ಕೊಡಲಾಯಿತು. ಬೈಲುಕುಪ್ಪೆಯ ಟಿಬೆಟ್ಟಿನವರು 1961ರ ಸುಮಾರಿಗೆ ನೆಲೆ ಕಳೆದುಕೊಂಡು ಇಲ್ಲಿಗೆ ಬಂದವರು. ಇವರಾದರೋ ಇಲ್ಲಿಯೇ ಇದ್ದು ನೆಲೆ ಕಳೆದುಕೊಂಡವರು. ಜೀವನಕ್ಕಾಗಿ ಇವರಲ್ಲಿ ಬಹುಮಂದಿ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಕಾಫಿಯ ಹಣ್ಣು ಬಿಡಿಸುವ ಕಾಲವು ಮಾಗಿಯಿಂದ ಫೆಬ್ರವರಿಯವರೆಗೂ ನಡೆಯುತ್ತದೆ. ಜನರನ್ನು ಎಣಿಸಲು ಗೊತ್ತುಮಾಡಿದ್ದೂ 2027ರ ಫೆಬ್ರವರಿಯನ್ನೇ!

ಎಣಿಕೆಯ ಅವಧಿಯಿಡೀ ಮನೆಯಿಂದ ದೂರವಿದ್ದವರನ್ನು ಇದ್ದಲ್ಲಿಯೇ ಎಣಿಸುವುದು ನಿಯಮ. ಹಾಡಿಯಲ್ಲಿ ಬೀಗ ಕಂಡು ಒಬ್ಬನು ಹಿಂತಿರುಗಿ, ತೋಟದ ಲೈನುಮನೆಯ ಕೂಲಿಯವರು ಹೊರಗಿನವರೆಂದು ಇನ್ನೊಬ್ಬನು ಬಿಟ್ಟರೆ, ಆ ಕುಟುಂಬವು ಯಾವ ಜಿಲ್ಲೆಯಲ್ಲಿಯೂ ಇಲ್ಲದಂತಾಗುತ್ತದೆ. ಮೈಸೂರು, ಕೊಡಗು ಎರಡೂ ಜಿಲ್ಲೆಗಳ ಅಧಿಕಾರಿಗಳು ಮೊದಲೇ ಕಲೆತು, ಹಾಡಿಹಾಡಿಯ ಕುಟುಂಬಗಳ ಪಟ್ಟಿಯನ್ನು ತೋಟಗಳ ಎಣಿಕೆದಾರರಿಗೆ ಒಪ್ಪಿಸತಕ್ಕದ್ದು. ಹಾಡಿಯ ಭಾಷೆ ಬಲ್ಲ, ಅಲ್ಲಿಯೇ ಓದಿ ಬೆಳೆದ ಯುವಕ ಯುವತಿಯರನ್ನು ಈ ಕೆಲಸಕ್ಕೆ ನೇಮಿಸತಕ್ಕದ್ದು. ತೋಟದ ಯಜಮಾನರೂ ಎಣಿಸಲು ಬಂದವರಿಗೆ ಲೈನುಮನೆಗಳ ದಾರಿಯನ್ನು ತೋರಿಸಬೇಕು.