ಅಜ್ಜಿಯ ಅಡುಗೆಮನೆಯಲ್ಲೊಂದು ಸೆನ್ಸರ್

ಮೂರನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಸೇರಿ, ಹಾಕಿಕೊಂಡವರು ಬಿದ್ದರೆ ಮನೆಯವರ ಫೋನಿಗೆ ಮೆಸೇಜ್ ಕಳಿಸುವ ಪೆಂಡೆಂಟ್ ಮಾಡಿದ್ವಿ. ನಮ್ಮಲ್ಲೊಬ್ಬನ ಅಜ್ಜಿ ಶಿರಸಿ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇರ್ತಾರೆ. ಮೊದಲು ಅವರಿಗೇ ಕೊಟ್ವಿ. ತಿಂಗಳೊಳಗೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಆಗ ಪೆಂಡೆಂಟ್ ಎಲ್ಲಿತ್ತು ಗೊತ್ತಾ? ದೇವರ ಗೂಡಿನ ಪಕ್ಕದ ಮೊಳೆಯಲ್ಲಿ. ಸ್ನಾನಕ್ಕೆ ಯಾರಾದ್ರೂ ಸರ್ಕ್ಯೂಟ್ ಹಾಕ್ಕೊಂಡು ಹೋಗ್ತಾರಾ? ತೋಟದ ಕೆಲಸಕ್ಕೆ ಬಂದವರು ಕೂಗಿ ನೋಡೋವರೆಗೆ, ಸುಮಾರು ಎರಡು ಗಂಟೆ, ಅವರು ನೆಲದ ಮೇಲೇ ಇದ್ದರು. ಮಣಿಕಟ್ಟು ಮುರಿದಿತ್ತು.

ಅಷ್ಟರಲ್ಲಿ ವೈವಾದಲ್ಲಿ ನಮಗೆ ಒಳ್ಳೆ ಮಾರ್ಕ್ಸ್ ಬಂದಾಗಿತ್ತು.

ಪೆಂಡೆಂಟಿನ ಲೆಕ್ಕ ಸರಳ. ಎಂಪಿಯು-6050 ಚಿಪ್‌ನಲ್ಲಿರುವ ಆಕ್ಸೆಲೆರೋಮೀಟರ್ ಸುಮ್ಮನಿದ್ದಾಗ 1 ಜಿ ತೋರಿಸುತ್ತೆ. ಬೀಳುವಾಗ ಅದು ಸೊನ್ನೆಯ ಕಡೆ ಇಳಿದು, ನೆಲಕ್ಕೆ ಬಡಿದಾಗ ಸರ್ರನೆ ಏರುತ್ತೆ. ಆಮೇಲೆ ಅಲುಗಾಟ ಇಲ್ಲದಿದ್ದರೆ ಅಲಾರಂ. ಹಾಸ್ಟೆಲಿನ ಹಾಸಿಗೆ ಮೇಲೆ ನಾವೇ ಬಿದ್ದು ಬಿದ್ದು ಟೆಸ್ಟ್ ಮಾಡಿದ್ವಿ. ಆದ್ರೆ ವಯಸ್ಸಾದವರು ಎಷ್ಟೋ ಸಲ ನಮ್ಮ ಹಾಗೆ ಬೀಳಲ್ಲ. ಗೋಡೆ ಹಿಡ್ಕೊಂಡು ಮೆಲ್ಲಗೆ ಕುಸೀತಾರೆ. ಆಗ ಗ್ರಾಫಿನಲ್ಲಿ ಆ ಏರಿಳಿತವೇ ಸರಿಯಾಗಿ ಕಾಣಲ್ಲ. ಅದೇ ಅಜ್ಜಿ ಕುರ್ಚಿ ಮೇಲೆ ಧೊಪ್ಪನೆ ಕೂತರೆ ಮಾತ್ರ ಅಲಾರಂ ಗ್ಯಾರಂಟಿ!

ಆಮೇಲೆ ಓದುವಾಗ ಸಿಕ್ಕಿದ್ದು ಜಪಾನಿನ ಐ-ಪಾಟ್. ಜೋಜಿರುಶಿ ಕಂಪನಿ 2001ರಲ್ಲೇ ತಂದದ್ದು. ನೋಡೋಕೆ ಚಹಾಕ್ಕೆ ನೀರು ಕಾಯಿಸುವ ಮಾಮೂಲಿ ಎಲೆಕ್ಟ್ರಿಕ್ ಪಾತ್ರೆ, ಒಳಗೊಂದು ವೈರ್‌ಲೆಸ್ ಸಾಧನ. ಅಪ್ಪ ಅಮ್ಮ ಅದನ್ನು ಯಾವಾಗ ಬಳಸಿದರು ಅನ್ನೋದು ದೂರದ ಊರಲ್ಲಿರುವ ಮಕ್ಕಳಿಗೆ ಈಮೇಲಲ್ಲಿ ಹೋಗುತ್ತೆ. ಹಾಕಿಕೊಳ್ಳೋದು, ಚಾರ್ಜ್ ಮಾಡೋದು ಏನೂ ಇಲ್ಲ. ಇವತ್ತು ಚಹಾ ಆಗಿಲ್ಲ ಅಂದ್ರೆ ಒಂದು ಫೋನ್ ಮಾಡು, ಅಷ್ಟೇ. ನಾವು ಬೀಳೋದನ್ನು ಹಿಡಿಯೋಕೆ ಹೋಗಿದ್ವಿ. ಅವರು ದಿನಚರಿ ತಪ್ಪೋದನ್ನು ಹಿಡಿದರು.

ನಮ್ಮ ಅಜ್ಜಿ ಬೆಳಿಗ್ಗೆ ಆರಕ್ಕೆ ಕಾಫಿಗೆ ಏಳ್ತಾರೆ. ಹಾಗಾಗಿ ಅಡುಗೆಮನೆ ಗೋಡೆಗೆ ಒಂದು ಪಿಐಆರ್ ಸೆನ್ಸರ್ ಹಾಕಿದ್ವಿ. ಮೈಯಿಂದ ಬರುವ ಇನ್‌ಫ್ರಾರೆಡ್ ಕಿರಣ ಅದರ ಮುಂದೆ ಅತ್ತಿತ್ತ ಸರಿದರೆ ಸಿಗ್ನಲ್ ಕೊಡುತ್ತೆ. ಮುಖ, ಬಟ್ಟೆ ಏನೂ ಅದಕ್ಕೆ ಕಾಣಲ್ಲ. ಕ್ಯಾಮೆರಾ ಅಂದಾಗ ಅಜ್ಜಿ ಖಡಾಖಂಡಿತ ಬೇಡ ಅಂದಿದ್ದರು, ಇದಕ್ಕೆ ಒಪ್ಪಿದರು. ಸಿಗ್ನಲ್ ಒಂದು ಇಎಸ್‌ಪಿ-32 ಬೋರ್ಡಿಗೆ, ಅಲ್ಲಿಂದ ಮನೆಯ ವೈ-ಫೈಗೆ. ಏಳೂವರೆಯೊಳಗೆ ಓಡಾಟ ಕಾಣದಿದ್ದರೆ ಮೊಮ್ಮಗನಿಗೆ ಮೆಸೇಜ್.

ನಮಗೆ ಕಷ್ಟ ಆಗಿದ್ದು ಇನ್ನೊಂದು ಕಡೆ. ಮಳೆಗಾಲದಲ್ಲಿ ಆ ಊರಲ್ಲಿ ಕರೆಂಟ್ ಹೋದರೆ ಬರೋದು ಯಾವಾಗ್ಲೋ. ಸೆನ್ಸರಿನಿಂದ ಸುದ್ದಿ ಇಲ್ಲ ಅಂದ್ರೆ ಅಜ್ಜಿ ಎದ್ದಿಲ್ಲ ಅಂತಾನಾ, ವೈ-ಫೈ ಸತ್ತಿದೆ ಅಂತಾನಾ? ಎರಡೂ ಒಂದೇ ಥರ ಕಾಣುತ್ತೆ. ಅದಕ್ಕೆ ಬೋರ್ಡ್ ಹದಿನೈದು ನಿಮಿಷಕ್ಕೊಮ್ಮೆ 'ನಾನಿದ್ದೀನಿ' ಅಂತ ಸರ್ವರಿಗೆ ಹೇಳ್ತಿರಬೇಕು. ಲೆಕ್ಕ ನೋಡೋದು ಸರ್ವರೇ. 'ನಾನಿದ್ದೀನಿ' ನಿಂತರೆ ಬೇರೆ ಮೆಸೇಜ್: ಲೈನ್ ಹೋಗಿದೆ, ಅಜ್ಜಿಗೆ ಫೋನ್ ಮಾಡಿ ಕೇಳು.

ಹೋದ ವಾರ ಮೊದಲ ನಿಜವಾದ ಅಲಾರಂ ಬಂತು. ಮೊಮ್ಮಗ ಕ್ಲಾಸಿಂದ ಎದ್ದೋಡಿ ಪಕ್ಕದ ಮನೆಗೆ ಫೋನ್ ಮಾಡಿದ. ಅಜ್ಜಿ ಅಲ್ಲೇ ಇದ್ದರು! ಅವರ ಮನೆ ಪೂಜೆಗೆ ಹೂ ಕಟ್ಟೋಕೆ ಐದೂವರೆಗೇ ಹೋಗಿದ್ದರಂತೆ. 'ಇನ್ನು ಮನೆ ಬಿಟ್ಟು ಹೋಗೋಕೂ ನಿಮ್ಮ ಡಬ್ಬಿಯ ಪರ್ಮಿಶನ್ ಬೇಕೇನೋ?' ಅಂತ ಬೈದರು. ಈಗ ಮುಂಬಾಗಿಲಿಗೊಂದು ಮ್ಯಾಗ್ನೆಟಿಕ್ ಸ್ವಿಚ್ ಸೇರಿಸ್ತಾ ಇದ್ದೀವಿ.